ಪ್ಯಾಕಿಂಗ್ ಬದಲಿಸಿದರೂ ನಿಲ್ಲದ ಆಯಿಲ್ ಸೋರಿಕೆ: ಕಾರಣವೇನು, ಪರಿಹಾರವೇನು?

ಐ.ಡಿ.ಹಳ್ಳಿ (ಮಧುಗಿರಿ ತಾ.): ಬೈಕಿನ ಎಂಜಿನ್ ಕವರ್ ಬಿಚ್ಚಿ, ಹಳೆಯ ಗ್ಯಾಸ್ಕೆಟ್ ತೆಗೆದು, ಹೊಸದನ್ನು ಕೂರಿಸಿ ಬೋಲ್ಟ್ ಬಿಗಿದ ಮರುದಿನವೇ ಅಂಗಳದಲ್ಲಿ ಮತ್ತೆ ಆಯಿಲ್ ಕಲೆ ಕಾಣಿಸಿಕೊಳ್ಳುವುದುಂಟು. ಆಗ ಹೆಚ್ಚಿನವರು ದೂರುವುದು ಹೊಸ ಗ್ಯಾಸ್ಕೆಟ್‌ನ ಗುಣಮಟ್ಟವನ್ನು. ಆದರೆ ದೋಷ ಅನೇಕ ವೇಳೆ ಇರುವುದು ಅದನ್ನು ಕೂರಿಸಿದ ಕ್ರಮದಲ್ಲಿ.

ಐ.ಡಿ.ಹಳ್ಳಿಯಂಥ ಹೋಬಳಿ ಕೇಂದ್ರಗಳ ಸುತ್ತಲಿನ ಊರುಗಳಲ್ಲಿ ಬೈಕ್ ಎಂದರೆ ಹಾಲಿನ ಕ್ಯಾನು, ಮೇವಿನ ಹೊರೆ, ಗೊಬ್ಬರದ ಚೀಲಗಳನ್ನೂ ಹೊರುವ ವಾಹನ. ಮೆಕ್ಯಾನಿಕ್‌ಗಳು ‘ಪ್ಯಾಕಿಂಗ್’ ಎಂದೇ ಕರೆಯುವ ಗ್ಯಾಸ್ಕೆಟ್ ಬದಲಿಸಲು ತಾಲ್ಲೂಕು ಕೇಂದ್ರಕ್ಕೆ ಹೋಗುವ ಬದಲು ಮನೆಯಲ್ಲೇ ಕೈ ಹಾಕುವುದು ಸಹಜ. ನಗರಗಳಲ್ಲೂ ಈ ಹವ್ಯಾಸ ಉಳ್ಳವರಿದ್ದಾರೆ.

ಸೋರಿಕೆ ಏಕೆ ಅಪಾಯಕಾರಿ?

ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳಂಥ ಟೂ ಸ್ಟ್ರೋಕ್ ಬೈಕ್‌ಗಳಲ್ಲಿ ಎಂಜಿನ್‌ಗೆ ಬೇಕಾದ ಆಯಿಲ್ ಪೆಟ್ರೋಲ್ ಜತೆಗೇ ಬೆರೆತು ಹೋಗುತ್ತಿತ್ತು. ಗೇರ್ ಆಯಿಲ್ ಪ್ರತ್ಯೇಕವಾಗಿತ್ತು. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100ನಂಥ ಫೋರ್ ಸ್ಟ್ರೋಕ್ ಬೈಕ್‌ಗಳಲ್ಲಿ ಎಂಜಿನ್, ಕ್ಲಚ್, ಗೇರ್ ಮೂರಕ್ಕೂ ಒಂದೇ ಆಯಿಲ್. ಅದರ ಪ್ರಮಾಣವೂ ಸುಮಾರು ಒಂದು ಲೀಟರ್ ಮಾತ್ರ. ಹನಿಹನಿಯಾಗಿ ಸೋರಿದರೂ ಕೆಲವೇ ದಿನಗಳಲ್ಲಿ ಮಟ್ಟ ಕುಸಿದು ಎಂಜಿನ್ ಸೀಜ್ ಆಗಬಹುದು. ಹಿಂಬದಿ ಟೈರಿಗೆ ಆಯಿಲ್ ತಗುಲಿದರೆ ಸವಾರನ ಜೀವಕ್ಕೇ ಕುತ್ತು.

ಮೂಲ ಪತ್ತೆ ಹೇಗೆ?

ಆಯಿಲ್ ತೊಟ್ಟಿಕ್ಕುವ ಜಾಗವೇ ಸೋರಿಕೆಯ ಜಾಗವಾಗಿರಬೇಕೆಂದಿಲ್ಲ. ಅದು ಕೆಳಕ್ಕೆ ಇಳಿಯುತ್ತದೆ. ಓಡಾಟದ ಗಾಳಿಗೆ ಹಿಂದಕ್ಕೆ ಸರಿಯುತ್ತದೆ. ಮೊದಲು ಎಂಜಿನ್‌ನ ಹೊರಭಾಗವನ್ನು ಸಂಪೂರ್ಣ ತೊಳೆದು ಒಣಗಿಸಬೇಕು. ಜೋಡಣೆಯ ಅಂಚುಗಳಿಗೆ ಟಾಲ್ಕಂ ಪೌಡರ್ ಉದುರಿಸಿ, ಎಂಜಿನ್ ಕೆಲವು ನಿಮಿಷ ಓಡಿಸಿದರೆ ಪೌಡರ್ ಮೊದಲು ತೇವವಾಗುವ ಜಾಗ ಕಣ್ಣಿಗೆ ಬೀಳುತ್ತದೆ. ಡ್ರೈನ್ ಬೋಲ್ಟ್‌ನ ವಾಷರ್, ಗೇರ್ ಮತ್ತು ಕಿಕ್ಕರ್ ಶಾಫ್ಟ್‌ಗಳ ಆಯಿಲ್ ಸೀಲ್, ಆಯಿಲ್ ತುಂಬುವ ಮುಚ್ಚಳದ ರಬ್ಬರ್ ರಿಂಗ್ ಇವನ್ನೂ ಪರೀಕ್ಷಿಸಬೇಕು. ಆಯಿಲ್ ಹೆಚ್ಚಾಗಿದ್ದರೆ ಅಥವಾ ಬ್ರೀದರ್ ಪೈಪ್ ಕಟ್ಟಿದ್ದರೆ ಒಳಗಿನ ಒತ್ತಡವೇ ಆಯಿಲನ್ನು ಹೊರದಬ್ಬುತ್ತದೆ.

ಸಾಮಾನ್ಯ ಲೋಪಗಳು

* ಹಳೆಯ ಗ್ಯಾಸ್ಕೆಟ್‌ನ ಚೂರು ಅಂಚಿನಲ್ಲಿ ಉಳಿದಿರುವುದು, ಅಥವಾ ಅದನ್ನು ಸ್ಕ್ರೂಡ್ರೈವರ್‌ನಿಂದ ಕೆರೆದು ಅಲ್ಯೂಮಿನಿಯಂಗೆ ಗೀರು ಮಾಡಿರುವುದು.
* ಉದ್ದದ ಬೋಲ್ಟನ್ನು ಗಿಡ್ಡ ಬೋಲ್ಟ್‌ನ ರಂಧ್ರಕ್ಕೆ ಹಾಕಿರುವುದು. ಬೋಲ್ಟ್ ತಳ ಮುಟ್ಟಿ ಬಿಗಿಯಾದಂತೆ ತೋರುತ್ತದೆ, ಕವರ್ ಮಾತ್ರ ಸಡಿಲವಾಗಿಯೇ ಇರುತ್ತದೆ.
* ಕವರನ್ನು ಸರಿಯಾದ ಸ್ಥಾನದಲ್ಲಿ ನಿಲ್ಲಿಸುವ ಡೋವೆಲ್ ಪಿನ್ ಕಳೆದುಹೋಗಿರುವುದು.
* ಒಂದೇ ಕಡೆಯಿಂದ ಸಾಲಾಗಿ ಬಿಗಿದು ಕವರ್ ಓರೆಯಾಗಿರುವುದು.
* ಒಮ್ಮೆ ಅದುಮಿದ ಪೇಪರ್ ಗ್ಯಾಸ್ಕೆಟ್ಟನ್ನೇ ಮತ್ತೆ ಬಳಸಿರುವುದು.

ಸರಿಪಡಿಸುವ ಕ್ರಮ

ಎಂಜಿನ್ ತಣ್ಣಗಾದ ಮೇಲೆ ಆಯಿಲ್ ಇಳಿಸಿ ಕವರ್ ಬಿಚ್ಚಬೇಕು. ರಟ್ಟಿನ ಮೇಲೆ ಕವರ್‌ನ ಚಿತ್ರ ಬರೆದು, ಆಯಾ ಬೋಲ್ಟನ್ನು ಆಯಾ ಜಾಗದಲ್ಲೇ ಚುಚ್ಚಿಟ್ಟರೆ ಅದಲುಬದಲಾಗದು. ಹಳೆಯ ಗ್ಯಾಸ್ಕೆಟ್ಟನ್ನು ಮರದ ಅಥವಾ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಎರಡೂ ಅಂಚುಗಳಲ್ಲಿ ಜಿಡ್ಡು ಉಳಿಯದಂತೆ ಒರೆಸಬೇಕು. ಉಕ್ಕಿನ ಸ್ಕೇಲನ್ನು ಅಡ್ಡಲಾಗಿಟ್ಟು ನೋಡಿದಾಗ ಕೆಳಗಿನಿಂದ ಬೆಳಕು ಕಂಡರೆ ಕವರ್ ಬಾಗಿದೆ ಎಂದರ್ಥ.

ಹೊಸ ಗ್ಯಾಸ್ಕೆಟ್ ಕೂರಿಸಿ, ಎಲ್ಲ ಬೋಲ್ಟ್‌ಗಳನ್ನು ಮೊದಲು ಕೈಯಿಂದಲೇ ತಿರುಗಿಸಿ, ನಂತರ ಎದುರುಬದುರಾಗಿ ಎರಡು-ಮೂರು ಹಂತಗಳಲ್ಲಿ ಬಿಗಿಯಬೇಕು. 6 ಮಿ.ಮೀ. ಬೋಲ್ಟ್‌ಗೆ ಸಾಮಾನ್ಯವಾಗಿ ಸುಮಾರು 10 ನ್ಯೂಟನ್ ಮೀಟರ್ ಬಿಗಿತ ಸಾಕು. ಆಯಾ ಬೈಕಿನ ಸರ್ವಿಸ್ ಕೈಪಿಡಿ ಹೇಳುವ ಅಳತೆಯೇ ಅಂತಿಮ. ಸೋರುತ್ತಿದೆಯೆಂದು ಬಲ ಹಾಕಿ ಬಿಗಿದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತುಬರುತ್ತದೆ. ಆಗ ಲೇತ್ ಅಂಗಡಿಯ ದಾರಿ ಹಿಡಿಯುವುದು ಅನಿವಾರ್ಯ.

ಸಿಲಿಕಾನ್ ಅಂಟು ಸರ್ವರೋಗ ನಿವಾರಕವಲ್ಲ. ಹೆಚ್ಚಾಗಿ ಹಚ್ಚಿದರೆ ಒಳಗೆ ಉಬ್ಬಿದ ಅಂಟಿನ ಚೂರು ಕಳಚಿ ಆಯಿಲ್ ಜಾಲರಿಯನ್ನು ಕಟ್ಟಿಹಾಕಬಹುದು. ಕೈಪಿಡಿ ಸೂಚಿಸಿದ ಕಡೆ ಮಾತ್ರ ತೆಳುವಾಗಿ ಹಚ್ಚಿ, ಟ್ಯೂಬಿನ ಮೇಲೆ ನಮೂದಿಸಿದಷ್ಟು ಹೊತ್ತು ಒಣಗಲು ಬಿಟ್ಟು ನಂತರವೇ ಆಯಿಲ್ ತುಂಬಬೇಕು. ಹೆಡ್ ಗ್ಯಾಸ್ಕೆಟ್‌ಗೆ ಈ ಅಂಟು ಸಲ್ಲದು; ಅಲ್ಲಿ ಸೋರಿಕೆಯಿದ್ದರೆ ನುರಿತ ಮೆಕ್ಯಾನಿಕ್‌ಗೆ ಒಪ್ಪಿಸುವುದು ಲೇಸು.

ಕೆಲಸ ಮುಗಿದ ಮೇಲೆ ಮೊದಲ ವಾರ ಪ್ರತಿದಿನ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ನೋಡಬೇಕು. ಇಳಿಸಿದ ಹಳೆಯ ಆಯಿಲನ್ನು ಚರಂಡಿಗೋ ಕೆರೆಗೋ ಸುರಿಯಬಾರದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಅದೂ ಸೇರುತ್ತದೆ. ಕ್ಯಾನಿನಲ್ಲಿ ತುಂಬಿಸಿಟ್ಟು, ಮರುಸಂಸ್ಕರಣೆಗೆ ಕಳುಹಿಸುವ ಸರ್ವಿಸ್ ಕೇಂದ್ರಕ್ಕೆ ಕೊಡುವುದು ಸೂಕ್ತ.