ಪಾಷಾಣವೂ ಪಿಂಗಾಣಿಯ ಮೇಲಿನ ಕಲೆಯೂ

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಯುರೋಪಿನ ವಿಷಪ್ರಯೋಗಿಗಳಿಗೆ ಬಿಳಿ ಪಾಷಾಣ, ಎಂದರೆ ಆರ್ಸೆನಿಕ್ಕಿನ ಆಕ್ಸೈಡು, ಬಲು ಅನುಕೂಲದ ವಸ್ತುವಾಗಿತ್ತು. ಅದಕ್ಕೆ ವಾಸನೆಯಿಲ್ಲ, ಆಹಾರದಲ್ಲಿ ಬೆರೆತರೆ ರುಚಿಯೂ ತಿಳಿಯದು. ಇಲಿಗಳನ್ನು ಕೊಲ್ಲಲೆಂದು ಯಾರು ಬೇಕಾದರೂ ಕೊಳ್ಳಬಹುದಿತ್ತು. ತಿಂದವನು ವಾಂತಿಭೇದಿಯಿಂದ ಸತ್ತರೆ ಕಾಲರಾ ಎಂದೇ ಭಾವಿಸಲು ಅವಕಾಶವಿತ್ತು. ಫ್ರೆಂಚರು ಅದಕ್ಕೆ ‘ವಾರಸಿಕೆಯ ಪುಡಿ’ ಎಂದು ಹೆಸರಿಟ್ಟಿದ್ದರು!

1833ರಲ್ಲಿ ಇಂಗ್ಲೆಂಡಿನ ಪ್ಲಮ್‌ಸ್ಟೆಡ್ ಎಂಬಲ್ಲಿ ಜಾರ್ಜ್ ಬಾಡ್ಲ್ ಎಂಬ ವೃದ್ಧ ಕಾಫಿ ಕುಡಿದು ಅಸ್ವಸ್ಥನಾಗಿ ಮೃತನಾದನು. ಆಪಾದನೆ ಮೊಮ್ಮಗ ಜಾನನ ಮೇಲೆ ಬಂದಿತು. ವೂಲ್ವಿಚ್ಚಿನ ಶಸ್ತ್ರಾಗಾರದ ರಸಾಯನಜ್ಞ ಜೇಮ್ಸ್ ಮಾರ್ಷ್ ಪರೀಕ್ಷೆ ನಡೆಸಿ ಪಾಷಾಣವನ್ನು ಸೂಚಿಸುವ ಹಳದಿ ಪ್ರಕ್ಷೇಪವನ್ನು ಪಡೆದನು. ಆದರೆ ಜ್ಯೂರಿಯ ಮುಂದೆ ಇಡುವ ವೇಳೆಗೆ ಅದು ಕೆಟ್ಟುಹೋಗಿತ್ತು. ಜಾನ್ ಬಿಡುಗಡೆ ಹೊಂದಿದನು; ಮುಂದೆ ತಾನೇ ಕೊಂದುದಾಗಿ ಒಪ್ಪಿಕೊಂಡನು.

ಕಣ್ಣಿಗೆ ಕಾಣುವ, ಬಾಳಿಕೆ ಬರುವ ಸಾಕ್ಷ್ಯ ಬೇಕೆಂದು ಮಾರ್ಷ್ ಹಟ ತೊಟ್ಟನು. 1836ರಲ್ಲಿ ಅವನು ಪ್ರಕಟಿಸಿದ ವಿಧಾನದ ಮೊದಲ ಹೆಜ್ಜೆ ನನ್ನ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಸತುವಿನ ಚೂರುಗಳ ಮೇಲೆ ಸಾರರಿಕ್ತ ಗಂಧಕಾಮ್ಲ ಸುರಿದು ಜಲಜನಕ ತಯಾರಿಸಿದ್ದು ನೆನಪಿದೆಯಷ್ಟೆ? ಆ ಸೀಸೆಯೊಳಗೆ ಶಂಕಿತ ಪದಾರ್ಥವನ್ನೂ ಹಾಕಬೇಕು. ಪಾಷಾಣವಿದ್ದರೆ ಅದು ಜಲಜನಕದೊಡನೆ ಕೂಡಿ ಆರ್ಸೀನ್ ಎಂಬ ಅನಿಲವಾಗಿ ಹೊರಬರುತ್ತದೆ. ಅದರ ಜ್ವಾಲೆಗೆ ತಣ್ಣನೆಯ ಪಿಂಗಾಣಿ ತಟ್ಟೆ ಹಿಡಿದರೆ ಹೊಳೆಯುವ ಕಪ್ಪು ಕಲೆ ಮೂಡುತ್ತದೆ. ಅತ್ಯಲ್ಪ ಪ್ರಮಾಣದ ಪಾಷಾಣವೂ ಇದರಿಂದ ತಪ್ಪಿಸಿಕೊಳ್ಳಲಾರದು.

ಆದರೆ ಸೂಕ್ಷ್ಮತೆಯೇ ಅಪಾಯವೂ ಆಯಿತು. ಸತು ಮತ್ತು ಗಂಧಕಾಮ್ಲಗಳಲ್ಲಿಯೇ ಪಾಷಾಣದ ಕಲ್ಮಶವಿರುವುದುಂಟು. ಸ್ಮಶಾನದ ಮಣ್ಣಿನಲ್ಲಿಯೂ ಇರಬಹುದು. 1840ರ ಜನವರಿಯಲ್ಲಿ ಫ್ರಾನ್ಸಿನ ಶಾರ್ಲ್ ಲಫಾರ್ಜ್ ಮರಣ ಹೊಂದಿದಾಗ ಪತ್ನಿ ಮರಿ ಲಫಾರ್ಜ್‌ಳ ಮೇಲೆ ಕೊಲೆಯ ಆರೋಪ ಬಂದಿತು. ಆಕೆ ಇಲಿಗಳಿಗೆಂದು ಪಾಷಾಣ ಕೊಂಡದ್ದು ನಿಜ. ಸ್ಥಳೀಯ ವೈದ್ಯರು ಹಳೆಯ ವಿಧಾನದಿಂದ ಪರೀಕ್ಷಿಸಿ ವಿಷವಿದೆ ಎಂದರು. ಅವರ ಗಾಜಿನ ನಳಿಕೆ ನಡುವೆಯೇ ಒಡೆದಿತ್ತು. ಬೇರೆ ರಸಾಯನಜ್ಞರು ಮಾರ್ಷ್ ವಿಧಾನ ಅನುಸರಿಸಿ ಇಲ್ಲವೆಂದರು. ಹೂತ ಶವವನ್ನು ಹೊರತೆಗೆದು ನೋಡಿದರೂ ಅದೇ ಉತ್ತರ. ಆದರೆ ಮನೆಯಲ್ಲಿ ಉಳಿದ ಪೇಯದಲ್ಲಿ ವಿಷ ಕಂಡಿತು. ಒಂದೇ ದೇಹದ ಬಗ್ಗೆ ಹೀಗೆ ಎರಡು ಮಾತು!

ಕೊನೆಗೆ ಪ್ಯಾರಿಸಿನಿಂದ ಪ್ರಖ್ಯಾತ ವಿಷವಿಜ್ಞಾನಿ ಮಾಥ್ಯೂ ಓರ್ಫಿಲಾನನ್ನು ಕರೆಸಲಾಯಿತು. ಮೊದಲಿನ ಪರೀಕ್ಷಕರ ಎದುರಿನಲ್ಲಿಯೇ ಆತ ಪ್ರಯೋಗ ಮಾಡಿ, ದೇಹದಲ್ಲಿ ಪಾಷಾಣವಿದೆ, ಅದು ತನ್ನ ರಾಸಾಯನಿಕಗಳಿಂದಾಗಲಿ ಸಮಾಧಿಯ ಮಣ್ಣಿನಿಂದಾಗಲಿ ಬಂದುದಲ್ಲ ಎಂದು ನುಡಿದನು. ನನ್ನ ಮಟ್ಟಿಗೆ ಈ ಎರಡನೆಯ ಮಾತೇ ಇಡೀ ಮೊಕದ್ದಮೆಯ ಹಿರಿಮೆ. ಆದರೂ ವಿಷವಿತ್ತೆಂದು ರಸಾಯನಶಾಸ್ತ್ರ ಹೇಳೀತೇ ಹೊರತು ಇಕ್ಕಿದ ಕೈ ಯಾವುದೆಂದು ಹೇಳದು. ಜ್ಯೂರಿ ಅದನ್ನೂ ನಿಶ್ಚಯಿಸಿಬಿಟ್ಟಿತು. ಮರಿಗೆ ಜೀವಾವಧಿ ಶಿಕ್ಷೆಯಾಯಿತು. ಓರ್ಫಿಲಾನನ್ನು ಪ್ರಶ್ನಿಸಲು ಆಕೆಯ ಪರವಾಗಿ ಹೊರಟಿದ್ದ ರಸಾಯನಜ್ಞ ರಸ್ಪಾಯ್ ಅಲ್ಲಿಗೆ ತಲುಪುವ ವೇಳೆಗೆ ತೀರ್ಪು ಹೊರಬಿದ್ದಾಗಿತ್ತು. 1852ರಲ್ಲಿ ಬಿಡುಗಡೆಯಾದ ಮರಿ ಅದೇ ವರ್ಷ ಕಾಲವಾದಳು. ಕಡೆಯವರೆಗೂ ತಾನು ನಿರಪರಾಧಿ ಎಂದೇ ಹೇಳುತ್ತಿದ್ದಳು.