ಮೋಟು ಬಾಲ, ಕರಿಯ ಕಿವಿ

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿ ಚರಂಡಿಯ ಕೆಲಸ ನಡೆದಿತ್ತು. ಗಿಡ್ಡನೆಯ ಯಂತ್ರವೊಂದು ಇಕ್ಕಟ್ಟಿನಲ್ಲಿಯೇ ಗಿರಕಿ ಹೊಡೆಯುತ್ತ ಮಣ್ಣೆತ್ತುತ್ತಿತ್ತು. ಅದರ ಪಕ್ಕೆಯ ಮೇಲೆ ‘ಬಾಬ್‌ಕ್ಯಾಟ್’ ಎಂದು ಬರೆದಿತ್ತು. ಜೊತೆಗಿದ್ದ ಮೊಮ್ಮಗ, “ಮುತ್ಯಾ, ಹಂಗಂದ್ರೇನು?” ಎಂದು ಕೇಳಿದ. ಬೆಕ್ಕಿನ ಹೆಸರು ಎಂದೆ. ಅವನು ನಂಬಲಿಲ್ಲ.

ಬಾಬ್‌ಕ್ಯಾಟ್ ಎಂಬುದು ಉತ್ತರ ಅಮೆರಿಕದ ಒಂದು ಕಾಡುಬೆಕ್ಕು. ‘ಬಾಬ್’ ಎಂದರೆ ಮೋಟಾಗಿ ಕತ್ತರಿಸಿದ್ದು. ಬಾಲ ಮೋಟಾದುದರಿಂದ ಆ ಹೆಸರು. 1962ರಲ್ಲಿ ಉತ್ತರ ಡಕೋಟಾದ ಮೆಲ್ರೋ ಕಂಪನಿಯವರು ಅದರ ಚುರುಕುತನವನ್ನು ಮೆಚ್ಚಿ ತಮ್ಮ ಪುಟ್ಟ ಯಂತ್ರಕ್ಕೆ ಅದೇ ಹೆಸರಿಟ್ಟರು. ನಮ್ಮೂರಿಗೆ ಯಂತ್ರ ಬಂದಿತು, ಬೆಕ್ಕು ಬರಲಿಲ್ಲ.

ಆದರೆ ಅದರ ನಂಟರು ಈ ನೆಲದಲ್ಲಿದ್ದಾರೆ. ಜರ್ಮನಿಯ ಶ್ರೇಬರ್ ಎಂಬ ವಿದ್ವಾಂಸ 1776–77ರಲ್ಲಿ ಮೂರು ಬೆಕ್ಕುಗಳನ್ನು ಶಾಸ್ತ್ರಗ್ರಂಥಕ್ಕೆ ಏರಿಸಿದ: ಒಂದು ಈ ಬಾಬ್‌ಕ್ಯಾಟ್, ಒಂದು ಕ್ಯಾರಕಲ್, ಇನ್ನೊಂದು ನಮ್ಮ ಹೊಲಗಳ ಕಾಡುಬೆಕ್ಕು. ಕ್ಯಾರಕಲ್ ಎಂಬುದು ತುರ್ಕಿಯ ‘ಕರಾಕುಲಕ್’. ಕರಿಯ ಕಿವಿಯದು ಎಂದರ್ಥ. ಅದನ್ನೇ ಪಾರಸಿಯವರು ‘ಸಿಯಾಹ್‌ಗೋಶ್’ ಎಂದರು. ದೆಹಲಿಯ ಫಿರೋಜ್ ಷಾ ತುಘಲಕ್ ಅದನ್ನು ಬೇಟೆಗೆಂದು ಸಾಕಿದ್ದ. ಇಂದು ಕಚ್ಛ್, ರಾಜಸ್ಥಾನಗಳಲ್ಲಿ ಅಷ್ಟಿಷ್ಟು ಉಳಿದಿದೆ. 1347ರಲ್ಲಿ ಬಹಮನಿ ಸುಲ್ತಾನರು ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಮೇಲೆ ಪಾರಸಿ ಇಲ್ಲಿ ಆಸ್ಥಾನದ ಭಾಷೆಯಾಯಿತು. ಆ ಬೆಕ್ಕಿನ ಹೆಸರಿನ ಎರಡೂ ತುಂಡುಗಳನ್ನು ನಾವು ಅರಿಯದೆ ಬಳಸುತ್ತೇವೆ. ನಮ್ಮ ಲೇಖನಿಯ ‘ಶಾಯಿ’ ಕಪ್ಪೆಂಬರ್ಥದ ‘ಸಿಯಾಹ್’ನಿಂದ ಬಂದದ್ದು, ಓಣಿಯ ಉರ್ದು ಮಾತಿನ ‘ಖರ್‌ಗೋಶ್’, ಕತ್ತೆಕಿವಿಯ ಮೊಲ.

ಕನ್ನಡದ ಬೆಕ್ಕೂ ಅಲೆದಾಡಿದ ಪದವೇ. ಹಳಗನ್ನಡದಲ್ಲಿ ಅದು ‘ಬೆರ್ಕು’. ಅದರ ದಾಯಾದಿಯಾದ ‘ವೆರುಗು’ ಮಲಯಾಳದಲ್ಲಿ ಪುನುಗುಬೆಕ್ಕು. ಒಂದೇ ಬೇರಿನ ಶಬ್ದ ಒಂದು ಕಡೆ ಒಲೆಯ ಬಳಿ ಮಲಗಿತು, ಇನ್ನೊಂದು ಕಡೆ ಮರವೇರಿತು. ಭಾಷಾಶಾಸ್ತ್ರದವರಿಗೆ ಇದು ವಿನೋದ. ಪ್ರಾಣಿಗೆ ಮಾತ್ರ ಹೆಸರು ತಪ್ಪಿದರೆ ವಿನೋದವಲ್ಲ.

ಹುಮನಾಬಾದಿನ ದಾರಿಯಲ್ಲಿರುವ ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು. ಅದರ ಸಮೀಪ ನಮ್ಮ ಬಂಧುಗಳ ತೊಗರಿ ಹೊಲವಿದೆ. ಕೆಲವು ವರ್ಷಗಳ ಹಿಂದೆ ಕೊಯ್ಲಿನ ನಡುವೆ “ಚಿರತಿ ಮರಿ!” ಎಂದು ಕೂಗೆದ್ದಿತು. ಗಂಡಸರು ಬಡಿಗೆ ಹಿಡಿದು ಓಡಿದರು. ನಾನೂ ಹೋದೆ. ತೊಗರಿಯ ಬುಡದಲ್ಲಿ ಅಂಗೈಯಷ್ಟಗಲದ ಜೀವವೊಂದು ಹಲ್ಲು ತೋರಿಸುತ್ತಿತ್ತು. ಮೈಮೇಲೆ ಮಸುಕು ಚುಕ್ಕೆ, ಪಟ್ಟೆಗಳಿದ್ದವು. ಭಯ ಹುಟ್ಟಿಸಿದ್ದು ಅವೇ. ಕಾಡುಬೆಕ್ಕಿನ ಮರಿಗೆ ಆ ಗುರುತು ಎಳವೆಯಲ್ಲಿ ಮಾತ್ರ ಇರುತ್ತದೆ. ಬೆಳೆದಂತೆ ಮಾಸಿ ಮೈಯೆಲ್ಲ ಮಣ್ಣಿನ ಬಣ್ಣವಾಗುತ್ತದೆ, ಕಾಲು ಬಾಲಗಳಲ್ಲಿ ಕೆಲವು ಪಟ್ಟೆ ಉಳಿಯುತ್ತವೆ. ಬಾಲ ಗಿಡ್ಡ, ಕಿವಿಯ ತುದಿಯಲ್ಲಿ ಕೂದಲಿನ ಸಣ್ಣ ಕುಚ್ಚು.

ನಾನು ಶ್ರೇಬರನನ್ನು ನೆನೆಯುತ್ತ ನಿಂತಿದ್ದೆ. ಅಷ್ಟರಲ್ಲಿ ಕೂಲಿಗೆ ಬಂದಿದ್ದ ಮುದುಕಿಯೊಬ್ಬಳು ಕುಡಗೋಲು ಕೆಳಗಿಟ್ಟು ಅಡ್ಡ ಬಂದಳು. “ಚಿರತಿ ಅಲ್ರೀ, ಅಡವಿ ಬೆಕ್ಕದ. ಹೊಲದಾಗಿನ ಇಲಿ ತಿಂತದ. ಬಿಡ್ರಿ.” ಬಡಿಗೆಗಳು ಇಳಿದವು. ಆ ಮೂಲೆಯ ನಾಲ್ಕು ಸಾಲು ತೊಗರಿಯನ್ನು ಅಂದು ಕೊಯ್ಯಲಿಲ್ಲ. ಮರುದಿನ ಬೆಳಿಗ್ಗೆ ನೋಡಿದಾಗ ಮರಿ ಇರಲಿಲ್ಲ. ಬದುವಿನ ಹಸಿಮಣ್ಣಿನಲ್ಲಿ ತಾಯಿಯ ಹೆಜ್ಜೆಗಳು ಬಂದು ಹೋಗಿದ್ದವು.