ಕೆಟ್ಟುವಳ್ಳಂ
ಕೆಟ್ಟುವಳ್ಳಂ : ಕೇರಳದ ಹಿನ್ನೀರು, ನದಿ ಮತ್ತು ಕಾಲುವೆಗಳಲ್ಲಿ ಬಳಕೆಯಲ್ಲಿರುವ, ಚಪ್ಪಟೆ ತಳದ ದೊಡ್ಡ ಮರದ ದೋಣಿ, ಇಂದು ಮುಖ್ಯವಾಗಿ ದೋಣಿಮನೆ. ಕುಟ್ಟನಾಡಿನ ಭತ್ತ, ಅಕ್ಕಿ ಮೊದಲಾದ ಸರಕುಗಳ ಸಾಗಣೆಗಾಗಿ ರೂಪುಗೊಂಡಿತು. ಹೆಬ್ಬಲಸಿನ ಹಲಗೆಗಳನ್ನು ಮೊಳೆ ಬಳಸದೆ ತೆಂಗಿನ ನಾರಿನ ಹುರಿಯಿಂದ ಹೊಲಿದು, ಸಂದುಗಳಿಗೆ ನಾರು ತುಂಬಿ, ಹೊರಮೈಗೆ ಗೇರುಸಿಪ್ಪೆಯ ಎಣ್ಣೆ ಬಳಿಯುವುದು ಸಾಂಪ್ರದಾಯಿಕ ರಚನಾಕ್ರಮ. ಅಗಲವಾದ ತಳವು ಭಾರವನ್ನು ಹರಡುವುದರಿಂದ ದೋಣಿ ಸ್ವಲ್ಪವೇ ಮುಳುಗಿ, ಆಳವಿಲ್ಲದ ನೀರಿನಲ್ಲೂ ಸಾಗಬಲ್ಲದು, ದಡಕ್ಕೆ ತಾಗಿ ನಿಲ್ಲಬಲ್ಲದು. ಎತ್ತರದ ಮಾಡು ಕಟ್ಟಿದಾಗ ಅಡ್ಡಗಾಳಿಗೆ ಪಕ್ಕಕ್ಕೆ ಸರಿಯುವುದು ಇದರ ಮಿತಿ. ಹಿಂದೆ ಬಿದಿರಿನ ಗಳದಿಂದ ನೂಕುತ್ತಿದ್ದರು. ಈಗ ಮೋಟಾರು ಅಳವಡಿಸಲಾಗುತ್ತದೆ. ರಸ್ತೆ ಸಾರಿಗೆ ಬೆಳೆದಂತೆ ಬಳಕೆ ತಪ್ಪಿದ ಈ ದೋಣಿಗಳು 1990ರ ದಶಕದಿಂದ ಮಲಗುವ ಕೋಣೆ, ಅಡುಗೆಮನೆ, ಶೌಚಾಲಯಗಳುಳ್ಳ ವಸತಿದೋಣಿಗಳಾಗಿ ಮಾರ್ಪಟ್ಟವು. ಆಲಪ್ಪುಳ ಹಾಗೂ ವೆಂಬನಾಡು ಸರೋವರದ ಪ್ರವಾಸೋದ್ಯಮಕ್ಕೆ ಇವು ಆಧಾರ. ಹೊಲಿದ ದೋಣಿಗಳ ಪ್ರಾಚೀನ ಹಿಂದೂ ಮಹಾಸಾಗರ ಪರಂಪರೆಗೂ ನಿದರ್ಶನ.